ಕೋದಂಡಪ್ಪನ ಚಿಲ್ಲರೆ

ಟೀ ಅಂಗಡಿಯ ಕುಪ್ಪುಸ್ವಾಮಿ ಬಾಗಿಲಿಗೆ ಬಂದು ನಿಂತಾಗ ಮುನಿರತ್ನಮ್ಮ ದೋಸೆ ಹಿಟ್ಟನ್ನು ಕವರುಗಳಿಗೆ ತುಂಬುತ್ತಿದ್ದಳು. ಬೆಳಗಿನ ವ್ಯಾಪಾರ ಬಿಟ್ಟು ಎಲ್ಲಿಗೂ ಅಲುಗಾಡದ ಮನುಷ್ಯ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಯವರೆಗೆ ನಡೆದು ಬಂದಿದ್ದಾನೆಂದರೆ ಏನೋ ಇರಬೇಕೆಂದು ಕೈ ತೊಳೆದುಕೊಂಡು ಎದ್ದಳು. ಕುಪ್ಪುಸ್ವಾಮಿ ಒಳಗೆ ಬರಲೊಲ್ಲ. ಕರ್ಚೀಫಿನ ಗಂಟು ಬಿಚ್ಚಿ, ಒಂದು ಬೆಳ್ಳಿ ರೂಪಾಯಿ ತೆಗೆದು ಅವಳ ಅಂಗೈಗೆ ಇಟ್ಟ.

“ಅಣ್ಣ ನಿನ್ನೆ ಟೀ ಕುಡ್ದು ಇದ್ನ ಕೊಟ್ರು ಅಕ್ಕಾ. ಹತ್ತು ರೂಪಾಯಿ ಅನ್ಕೊಂಡು ನಾನೂ ಗಲ್ಲಾಗೆ ಹಾಕ್ಬಿಟ್ಟೆ. ಇದು ಅವ್ರ ಡಬ್ಬಿದು ತಾನೆ?”

ಡಬ್ಬಿಯದೇ. ಗಂಡ ಕೋದಂಡಪ್ಪ ಕೂಡಿಟ್ಟಿದ್ದ ರಾಶಿ ನಾಣ್ಯಗಳಲ್ಲಿ ಮುನಿರತ್ನಮ್ಮನಿಗೆ ಗುರುತಿದ್ದದ್ದು ಕೆಲವೇ ಕೆಲವು, ಇದು ಅವುಗಳಲ್ಲೊಂದು. ಐದನೇ ಜಾರ್ಜ್ ದೊರೆಯ ಮೇಲಂಗಿಯಲ್ಲಿದ್ದ ಆನೆ ಹಂದಿಯ ಹಾಗೆ ಕಾಣುತ್ತದೆಂದು ಜನ ಗಲಾಟೆ ಮಾಡಿ, ಸರ್ಕಾರ ಆ ರೂಪಾಯಿಯನ್ನು ವಾಪಸು ಪಡೆದು ಕರಗಿಸಿತ್ತು. ಕರಗದೆ ಉಳಿದ ಒಂದನ್ನು ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಯಲ್ಲಿ ಹುಡುಕಿ ತಂದ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳದೆ ಅವನು ಬಿಟ್ಟವನಲ್ಲ. ಅಂಥದ್ದನ್ನು ಟೀಗೆ ಕೊಟ್ಟು ಬಂದಿದ್ದ. ಮುನಿರತ್ನಮ್ಮ ಕುಪ್ಪುಸ್ವಾಮಿಯ ಕೈಗೆ ಒಂದು ಕವರು ಹಿಟ್ಟು ಕೊಟ್ಟು, ಯಾರಿಗೂ ಹೇಳಬೇಡ ಎಂದು ಕಳಿಸಿದಳು.

ಸಂಜೆ ಕೋದಂಡಪ್ಪ ತಿರುಗಾಟ ಮುಗಿಸಿ ಬಂದು ಕಾಲು ತೊಳೆದುಕೊಂಡ ಮೇಲೆ ಅದನ್ನು ತೋರಿಸಿ ಕೇಳಿದಳು. ಅವನು ನಾಣ್ಯದ ಅಂಚನ್ನು ಉಗುರಿನಿಂದ ಸವರಿ ನೋಡಿ, ಇದು ನಿನಗೆ ಹೇಗೆ ಸಿಕ್ಕಿತು, ನನ್ನ ಸಾಮಾನು ಮುಟ್ಟಬೇಡ ಅಂತ ಎಷ್ಟು ಸಲ ಹೇಳಿಲ್ಲ ಎಂದು ರೇಗಿದ. ಟೀಗೆ ಕೊಟ್ಟದ್ದನ್ನು ಒಪ್ಪಲೇ ಇಲ್ಲ. ಕುಪ್ಪುಸ್ವಾಮಿಗೆ ಕಣ್ಣು ಮಂಜಾಗಿರಬೇಕು ಎಂದ.

ಬಾಗಿಲ ಪಕ್ಕದಲ್ಲಿ ಕಾಲು ನೀಡಿ ಕೂತಿದ್ದ ಅವನ ತಾಯಿ ಕದಿರಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಮಗ ಒಳಗೆ ಹೋದ ಮೇಲೆ ಸೊಸೆಯನ್ನು ಹತ್ತಿರ ಕರೆದಳು. ಎಂಬತ್ತು ದಾಟಿದ ಮುದುಕಿಗೆ ಸೊಂಟ ಬಾಗಿತ್ತೇ ಹೊರತು ತಲೆ ನೆಟ್ಟಗಿತ್ತು.

“ಮೊನ್ನೆ ಮುದ್ದೆ ಉಂಡು ಕೈ ತೊಳ್ಕಂಡು ಬಂದು, ಅಮ್ಮಾ ಇವತ್ತು ಊಟಕ್ಕೆ ಏನು ಅಂದ. ತಮಾಷೆ ಮಾಡ್ತಾವ್ನೆ ಅಂದ್ಕಂಡೆ,” ಎಂದಳು. “ತಮಾಷೆ ಅಲ್ಲ ಕಣೇ ರತ್ನಾ.”

ಆ ಮನೆ ಎರಡೇ ಕೋಣೆಯದು. ಹಿಂದಿನದರಲ್ಲಿ ಅಡುಗೆ; ಮುಂದಿನದರಲ್ಲಿ ಕದಿರಮ್ಮ, ಮುನಿರತ್ನಮ್ಮ, ಕೋದಂಡಪ್ಪ; ಹಿತ್ತಿಲಿಗೆ ತಗಡು ಇಳಿಸಿ ಮಾಡಿದ ಇನ್ನೊಂದು ಗೂಡಿನಲ್ಲಿ ಮಗ ವಿಜಯಕುಮಾರ್ ಮತ್ತು ಸೊಸೆ ಆಶಾರಾಣಿ. ವಿಜಯಕುಮಾರ್ ಬಂಗಾರಪೇಟೆಯ ಬೈಕ್ ಶೋರೂಮಿನಲ್ಲಿ ಮೆಕ್ಯಾನಿಕ್ಕು. ಆಶಾರಾಣಿ ರಾಬರ್ಟ್‌ಸನ್‌ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಚೀಟಿ ಬರೆಯುತ್ತಿದ್ದಳು. ಇಷ್ಟು ಜನರ ಬಟ್ಟೆಬರೆ ಹಗ್ಗದ ಮೇಲೆ ಜೋತಾಡುತ್ತಿದ್ದರೆ, ಮನೆಯ ಒಂದೇ ಬೀರುವಿನಲ್ಲಿ ನಾಣ್ಯಗಳು ಕಾಲು ಚಾಚಿಕೊಂಡು ಇದ್ದವು. ಬೀರುವಿನ ಮೇಲಿನ ಹಲಗೆಯಲ್ಲಿ ಗ್ರೀಕರ ಮಡಿಕೆಗಳು.

ಶುರುವಾದದ್ದು ಆ ಮಡಿಕೆಗಳಿಂದಲೇ. ಕೋದಂಡಪ್ಪನ ತಂದೆ ಗಣಿಯ ಬಿಳಿಯ ಇಂಜಿನಿಯರೊಬ್ಬನ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದ. ದೊರೆಸಾನಿ ದೇಶ ಬಿಟ್ಟು ಹೋಗುವಾಗ, ಎರಡು ಹಿಡಿಕೆಯ ಒಂದು ಕಪ್ಪು ಬಟ್ಟಲನ್ನೂ ಬಿಳಿ ಮೈಯ ಮೇಲೆ ಕೂತ ಹೆಂಗಸನ್ನು ಬರೆದಿದ್ದ ಉದ್ದ ಕತ್ತಿನ ಎಣ್ಣೆ ಕುಡಿಕೆಯನ್ನೂ ಅವನಿಗೆ ಕೊಟ್ಟಳು. ಕದಿರಮ್ಮ ಬಟ್ಟಲಲ್ಲಿ ಹುಣಸೆಹಣ್ಣು ಇಟ್ಟುಕೊಂಡಿದ್ದಳು. ಶಾಲೆಯ ಡ್ರಾಯಿಂಗ್ ಮೇಷ್ಟರು ಒಮ್ಮೆ ಮನೆಗೆ ಬಂದವರು ಅದನ್ನು ಬೆಳಕಿಗೆ ಹಿಡಿದು, ಇದು ಗ್ರೀಕ್ ದೇಶದ್ದು, ಎರಡು ಸಾವಿರ ವರ್ಷಕ್ಕೂ ಹಳೆಯದು ಎಂದರು. ಅಂದಿನಿಂದ ಕೋದಂಡಪ್ಪನಿಗೆ ಹಳೆಯದರ ಹುಚ್ಚು. ಆಸ್ಟ್ರೇಲಿಯಕ್ಕೆ ಗಂಟುಮೂಟೆ ಕಟ್ಟುತ್ತಿದ್ದ ಆಂಗ್ಲೋ ಇಂಡಿಯನ್ನರ ಮನೆಗಳಿಗೆ ಹೋಗಿ ಒಡೆದ ಚೂರುಗಳನ್ನೂ ಬಿಡದೆ ತಂದ. ಗಣಿ ಮುಚ್ಚಿದ ಮೇಲೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಬ್ಯಾಂಕಿನ ಬಾಗಿಲು ಕಾಯುತ್ತಿದ್ದಾಗಲೂ, ರಜೆಯ ದಿನ ನಾಣ್ಯ ಪ್ರದರ್ಶನ ಎಲ್ಲಿದ್ದರೆ ಅಲ್ಲಿ ಅವನಿದ್ದ. ಪುರಾತತ್ವ ಇಲಾಖೆಯವರು ಬಂದು ಮಡಿಕೆಗಳ ಫೋಟೋ ತೆಗೆದು ನೋಂದಾಯಿಸಿಕೊಂಡು ಹೋಗಿದ್ದರು. ಮುನಿರತ್ನಮ್ಮನಿಗೆ ಮಾತ್ರ ಅವುಗಳನ್ನು ಕಂಡರೆ ಆಗದು. ಅವಳ ಮೂಗುಬೊಟ್ಟು ಕೂಡ ಒಂದು ಸಲ ನಾಣ್ಯವಾಗಿ ಬೀರು ಸೇರಿತ್ತು.

ಕುಪ್ಪುಸ್ವಾಮಿ ಬಂದು ಹೋದ ಮೇಲೆ ಒಂದೊಂದೇ ಸುದ್ದಿ ಬರತೊಡಗಿತು. ಬಾಳೆಹಣ್ಣಿನ ಗಾಡಿಯವಳು ಒಂದು ತಾಮ್ರದ ಕಾಸು ತಂದುಕೊಟ್ಟಳು. ಕ್ಷೌರದ ಅಂಗಡಿಯವನು ಕೇಳಿದ ಮೇಲೆ ಕೊಟ್ಟ. ಬಳೆ ಅಂಗಡಿಯವನು ತನಗೇನೂ ಗೊತ್ತಿಲ್ಲ ಎಂದ, ಎನ್ನುವಾಗ ಮುಖ ಆ ಕಡೆ ತಿರುಗಿಸಿದ. ಬೇತಮಂಗಲದ ಬಸ್ಸಿನ ಕಂಡಕ್ಟರನಿಗೆ ಕೊಟ್ಟದ್ದು ಯಾವುದೋ, ಅದು ತಿರುಗಿ ಬರಲೇ ಇಲ್ಲ. ಕೋದಂಡಪ್ಪನಿಗೆ ನಾಣ್ಯ ಯಾವ ರಾಜನದು, ಯಾವ ಟಂಕಸಾಲೆಯದು ಎಂಬುದು ಈಗಲೂ ಬಾಯಲ್ಲೇ ಇತ್ತು. ಅದನ್ನು ಅಂಗಡಿಗೆ ಕೊಡಬಾರದು ಎಂಬುದೊಂದು ತಪ್ಪಿಹೋಗಿತ್ತು. ಜೇಬಿಗೆ ಚಿಲ್ಲರೆ ಬೇಕೆನ್ನಿಸಿದಾಗ ಬೀರು ತೆಗೆದು ಹಿಡಿ ತುಂಬಿಕೊಂಡು ಹೊರಡುತ್ತಿದ್ದ.

ಕೋಲಾರದ ದೊಡ್ಡ ಡಾಕ್ಟರು ಅವನನ್ನು ಬಹಳ ಹೊತ್ತು ಮಾತಾಡಿಸಿದರು. ಇದು ಮರೆವಿನ ಕಾಯಿಲೆ, ವಾಸಿಯಾಗುವುದಿಲ್ಲ, ಮಾತ್ರೆಯಿಂದ ಸ್ವಲ್ಪ ನಿಧಾನವಾಗಬಹುದು, ಒಬ್ಬರನ್ನೇ ಹೊರಗೆ ಬಿಡಬೇಡಿ, ಮನಸ್ಸಿಗೆ ಹಿಡಿಸಿದ ಕೆಲಸ ಕೊಡಿ ಎಂದರು. ವಾಪಸು ಬರುವ ಬಸ್ಸಿನಲ್ಲಿ ಕೋದಂಡಪ್ಪ ಕಿಟಕಿಯ ಪಕ್ಕ ಕೂತು, ಯಾರಿಗೆ ಹುಷಾರಿಲ್ಲ ಅಂತ ಹೋಗಿದ್ದು ಎಂದು ಹೆಂಡತಿಯನ್ನು ಕೇಳಿದ.

ವಿಜಯಕುಮಾರ್ ಅಂದೇ ಸಂಜೆ ಒಂದು ಬೀಗ ತಂದ. ನಾಣ್ಯಗಳನ್ನೆಲ್ಲ ಟ್ರಂಕಿಗೆ ತುಂಬಿ ಬೀಗ ಹಾಕಿ ತನ್ನ ಮಂಚದ ಕೆಳಗೆ ತಳ್ಳಿದ. ಬೀರುವಿನ ಖಾಲಿ ಡಬ್ಬಿಗಳಲ್ಲಿ, ಮೊದಲು ಹಳೆಯವನ್ನಿಟ್ಟಿದ್ದ ಕಾಗದದ ಚೌಕಗಳೊಳಗೆ, ಒಂದು ರೂಪಾಯಿ ಎರಡು ರೂಪಾಯಿಯ ಈಗಿನ ನಾಣ್ಯಗಳನ್ನು ಹಾಕಿಟ್ಟ. ಏನು ಗೊತ್ತಾಗ್ತದೆ ಅವರಿಗೆ ಎಂದ. ಅದು ಬೇಡ ಎಂದು ಆಶಾರಾಣಿ ಹೇಳಿದ್ದಳು, ಮುನಿರತ್ನಮ್ಮ ಮಾತ್ರ ಮಗನಿಗೆ ಹೂಂ ಎಂದಿದ್ದಳು.

ಕೋದಂಡಪ್ಪ ಬೆಳಿಗ್ಗೆ ಡಬ್ಬಿಗೆ ಕೈ ಹಾಕಿದವನೇ ಹಾವು ಮುಟ್ಟಿದ ಹಾಗೆ ಹಿಂದಕ್ಕೆ ತೆಗೆದ. ಎಲ್ಲವನ್ನೂ ನೆಲಕ್ಕೆ ಸುರಿದ. ಒಂದೊಂದನ್ನೂ ಹೆಬ್ಬೆರಳಿನಿಂದ ಉಜ್ಜಿ ನೋಡಿ ಆಚೆ ಎಸೆದ. ಅಕ್ಕಿ ಡಬ್ಬ, ರಾಗಿ ಚೀಲ, ಕದಿರಮ್ಮನ ಎಲೆಅಡಿಕೆ ಚೀಲ, ಎಲ್ಲವನ್ನೂ ಜಾಲಾಡಿದ. ದಿನವೆಲ್ಲ ಕೂತಲ್ಲಿ ಕೂರಲಿಲ್ಲ. ಬಾಗಿಲಿಗೆ ಹೋಗುವುದು, ಬರುವುದು, ಬೀರು ತೆಗೆಯುವುದು, ಮುಚ್ಚುವುದು. ಊಟಕ್ಕೆ ಕರೆದರೆ ತಟ್ಟೆಯ ಮುಂದೆ ನಿಂತುಕೊಂಡೇ ನಾಲ್ಕು ತುತ್ತು ತಿಂದು ಮತ್ತೆ ಬೀರುವಿನ ಹತ್ತಿರ ಹೋದ. ನಾಲ್ಕೈದು ದಿನ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಮುನಿರತ್ನಮ್ಮ ನಲ್ಲಿ ನೀರು ಬಂತೆಂದು ಬಿಂದಿಗೆ ಹಿಡಿದು ಓಡಿದ್ದಳು. ತಿರುಗಿ ಬರುವಷ್ಟರಲ್ಲಿ ಅವನಿರಲಿಲ್ಲ. ಬತ್ತೀನಮ್ಮ ಅಂತ ಹೇಳಿ ಹೋದ, ಕೂಗಿದರೂ ನಿಲ್ಲಲಿಲ್ಲ ಎಂದು ಕದಿರಮ್ಮ ಅಳುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಕಾನ್‌ಸ್ಟೇಬಲ್ ಒಬ್ಬ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಲೈನಿನ ಬಾಗಿಲುಗಳೆಲ್ಲ ತೆರೆದುಕೊಂಡವು. ಕೋದಂಡಪ್ಪ ಸ್ಟೇಷನ್ನಿಗೆ ಹೋಗಿ, ಹೆಂಡತಿ ತನ್ನ ನಾಣ್ಯಗಳನ್ನು ಕದ್ದು ಅವುಗಳ ಜಾಗದಲ್ಲಿ ಬೇರೆ ಇಟ್ಟಿದ್ದಾಳೆ ಎಂದು ದೂರು ಕೊಟ್ಟಿದ್ದ. ಕಾನ್‌ಸ್ಟೇಬಲ್ ಒಳ್ಳೆಯವನು, ದೊಡ್ಡ ದನಿಯಲ್ಲಿ ಏನೂ ಹೇಳಲಿಲ್ಲ. ಆದರೆ ಕೋದಂಡಪ್ಪ ಬೀದಿಯಲ್ಲೇ ನಿಂತು ಕೈ ತೋರಿಸಿ, ಇವಳೇ ಸಾರ್ ಎಂದ.

ಮುನಿರತ್ನಮ್ಮ ಆ ದಿನ ಒಲೆ ಹಚ್ಚಲಿಲ್ಲ. ಸಂಜೆ ಆಶಾರಾಣಿ ಬಂದು ಉಪ್ಪಿಟ್ಟು ಮಾಡಿದಳು. ವಿಜಯಕುಮಾರ್ ತಟ್ಟೆ ಮುಟ್ಟದೆ, ಬೀಗವಂತೂ ತೆಗೆಯುವುದಿಲ್ಲ ಎಂದು ಹಟ ಹಿಡಿದ.

“ತೆಗಿ ಕಣ್ಲಾ ಬೀಗ,” ಎಂದಳು ಕದಿರಮ್ಮ. “ಕಾಸು ಓದ್ರೆ ಓಗ್ಲಿ. ಮನುಷ್ಯನ್ನ ಸ್ಟೇಷನ್ನಿಂದ ಕರ್ಕಂಡು ಬರಂಗೆ ಮಾಡ್ಬೇಡ.”

“ಓದ್ರೆ ಓಗ್ಲಿ ಅನ್ನಾಕೆ ಅದೇನು ಹುರುಳಿ ಕಾಳಾ ಅಜ್ಜಿ? ಒಂದೊಂದ್ರ ಬೆಲೆ ಗೊತ್ತಾ ನಿಂಗೆ?”

“ನಿಂಗ್ ಗೊತ್ತಾ?”

ವಿಜಯಕುಮಾರನಿಗೆ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ಅವನು ಬೀರುವಿನ ಹತ್ತಿರ ಸುಳಿದರೆ ಬೈಗುಳ ಬೀಳುತ್ತಿತ್ತು. ಆಮೇಲೆ ಅವನೇ ಆ ಕಡೆ ನೋಡುವುದನ್ನು ಬಿಟ್ಟಿದ್ದ. ಬೀಗದ ಕೈಯನ್ನು ಅಮ್ಮನ ಮುಂದೆ ಎಸೆದು ಹೊರಗೆ ಹೋದ.

ನಾಣ್ಯಗಳು ಬೀರುವಿಗೆ ವಾಪಸಾದವು, ಕೋದಂಡಪ್ಪನ ತಿರುಗಾಟವೂ ಶುರುವಾಯಿತು. ಮುನಿರತ್ನಮ್ಮ ರುಬ್ಬುವುದನ್ನು ಅರ್ಧಕ್ಕೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆ ಹೊರಡುತ್ತಿದ್ದಳು. ಪಕ್ಕದಲ್ಲಿ ನಡೆದರೆ ಅವನಿಗೆ ಸಿಟ್ಟು; ಅದಕ್ಕೇ ಒಂದು ಮಾರು ದೂರ. ಅವನು ಅಂಗಡಿಯಿಂದ ಇಳಿಯುತ್ತಲೂ ಇವಳು ಹತ್ತಿ, ನೋಟು ಕೊಟ್ಟು ನಾಣ್ಯ ಬಿಡಿಸಿಕೊಳ್ಳುವಳು. ಹಿಟ್ಟು ಕೊಳ್ಳಲು ಬಂದವರು ಬಾಗಿಲು ಹಾಕಿರುವುದನ್ನು ನೋಡಿ ಬೇರೆ ಕಡೆ ಹೋಗತೊಡಗಿದರು. ಅವಳ ಮಂಡಿ ಊದಿಕೊಂಡಿತು. ಹಾಗಿದ್ದರೂ ಕೆಲವು ನಾಣ್ಯಗಳು ಕೈ ತಪ್ಪಿಹೋದವು.

ಒಂದು ಬೆಳಿಗ್ಗೆ ಕೋದಂಡಪ್ಪ ಹಾಲಿನ ಬೂತಿಗೆ ಬಿಳಿ ಎಣ್ಣೆ ಕುಡಿಕೆಯನ್ನು ತೆಗೆದುಕೊಂಡು ಹೋದ. ಬೂತಿನವನು ನಗುತ್ತ ಹಾಲು ಹೊಯ್ದುಕೊಟ್ಟ. ಕೋದಂಡಪ್ಪ ಅದನ್ನು ತಂದು, ಮೊದಲಿದ್ದ ಹಲಗೆಯ ಮೇಲೇ ಇಟ್ಟು ಮರೆತ. ಎರಡನೇ ದಿನ ಆಶಾರಾಣಿ ಕೆಲಸದಿಂದ ಬಂದಾಗ ಮನೆಯೆಲ್ಲ ಹಳಸಿದ ವಾಸನೆ. ಹುಡುಕಿ ಹುಡುಕಿ ಕುಡಿಕೆಯನ್ನು ಕಂಡುಹಿಡಿದು, ಹಿತ್ತಿಲಲ್ಲಿ ಸೋಪಿನ ಪುಡಿ ಹಾಕಿ ನೆನೆಸಿ, ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕಿ ತೊಳೆದಳು. ತೊಳೆದು ಬೆಳಕಿಗೆ ಹಿಡಿದಾಗ ಬಿಳಿ ಮೈಯ ಮೇಲೆ ಕೂತಿದ್ದ ಹೆಂಗಸಿನ ಮುಖವಿರಲಿಲ್ಲ. ಒಂದು ಕೈಯೂ ಇರಲಿಲ್ಲ. ಸೀರೆಯ ನೆರಿಗೆಯಂಥ ನಾಲ್ಕು ಗೆರೆ ಮಾತ್ರ ಉಳಿದಿತ್ತು.

ಮುನಿರತ್ನಮ್ಮ ಹಿತ್ತಿಲಿಗೆ ಬಂದಾಗ ಸೊಸೆ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದಳು.

“ಬೇಕಂತ ಮಾಡ್ಲಿಲ್ಲ ಅತ್ತೆ,” ಎಂದಳು. “ಬಣ್ಣ ಓಗ್ತದೆ ಅಂತ ಯಾರೂ ಏಳಿರ್ಲಿಲ್ಲ.”

ಮುನಿರತ್ನಮ್ಮ ಅವಳ ಪಕ್ಕ ಕೂತಳು. ಇಷ್ಟು ವರ್ಷ ಆ ಕುಡಿಕೆಯನ್ನು ಒರೆಸಲು ಕೂಡ ಕೋದಂಡಪ್ಪ ಯಾರನ್ನೂ ಬಿಟ್ಟಿರಲಿಲ್ಲ. ಈಗ ಒಳಗಿಂದ ಬಂದವನು ಅದನ್ನು ನೋಡಿದ, ಸೊಸೆಯ ಕಣ್ಣೀರನ್ನೂ ನೋಡಿದ, ಹಾಲು ಉಕ್ಕಿಹೋಯಿತಾ ಎಂದು ಕೇಳಿ ನಲ್ಲಿಯ ಕಡೆ ಹೋದ. ಅವನು ರೇಗಿದ್ದರೇ ಚೆನ್ನಾಗಿತ್ತು ಎಂದು ಮುನಿರತ್ನಮ್ಮನಿಗೆ ಅನ್ನಿಸಿತು.

ವಿಜಯಕುಮಾರ್ ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಊಟಕ್ಕೆ ಕೂತಾಗ, ಇನ್ನು ತಡ ಮಾಡುವುದರಲ್ಲಿ ಅರ್ಥವಿಲ್ಲ, ನಾಣ್ಯ, ಮಡಿಕೆ ಎಲ್ಲ ಕೈಯಲ್ಲಿರುವಾಗಲೇ ಮಾರಿಬಿಡೋಣ ಎಂದ. ಬಂಗಾರಪೇಟೆಯಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದೆ ಬಾಡಿಗೆಗೆ ಒಂದು ಮನೆ ಖಾಲಿ ಇದೆ, ಅಡ್ವಾನ್ಸಿಗೆ ಆ ದುಡ್ಡಾಗುತ್ತದೆ. ಒಳಗೇ ಕಕ್ಕಸು, ಮುಂದೆ ಗೇಟು. ಅಪ್ಪನನ್ನು ಬೀದಿಯಲ್ಲಿ ಹುಡುಕುವುದು ತಪ್ಪುತ್ತದೆ. ತಾನೂ ಮಧ್ಯಾಹ್ನ ಊಟಕ್ಕೆ ಬಂದು ನೋಡಿಕೊಳ್ಳಬಹುದು. ಇವನ್ನೆಲ್ಲ ಮೊದಲೇ ಯೋಚಿಸಿಟ್ಟುಕೊಂಡವನ ಹಾಗೆ ಹೇಳಿದ. ಆಶಾರಾಣಿ ತಲೆ ಎತ್ತದೆ, ಮಾವನ ಔಷಧಿಗೆ ಮುಂದೆ ಇನ್ನೂ ಬೇಕಾಗುತ್ತದೆ ಎಂದ ಡಾಕ್ಟರ ಮಾತನ್ನು ನೆನಪಿಸಿದಳು.

ಮುನಿರತ್ನಮ್ಮ ಒಪ್ಪಿದಳು. ಮನೆಯಿಂದ ಆ ಪೀಡೆ ಯಾವಾಗ ತೊಲಗೀತು ಎಂದು ಮದುವೆಯಾದಾಗಿನಿಂದ ಕಾದವಳೇ ಅವಳು. ಅಡ್ಡ ಬಂದದ್ದು ಕದಿರಮ್ಮ.

“ಮಡಿಕೆ ಮಾರ್ಕಳಿ. ಅವು ನನ್ವು. ನನ್ನ ಗಂಡ ಒಲೆ ಮುಂದೆ ಬೆಂದಿದ್ದಕ್ಕೆ ಕೊಟ್ಟಿದ್ದು,” ಎಂದಳು. “ಕಾಸು ಅವನ್ದು. ಅವ್ನು ಉಸ್ರಾಡ್ತಾವ್ನೆ ಇನ್ನೂ.”

“ಅವ್ರಿಗೆ ನೆನಪೇ ಇಲ್ವಲ್ಲ ಅಜ್ಜಿ,” ಎಂದ ವಿಜಯಕುಮಾರ್.

“ಅವ್ನಿಗಿಲ್ಲ. ನಂಗೈತಲ್ಲ.”

ಆ ಮಾತು ಅಲ್ಲಿಗೇ ನಿಂತಿತು. ಆದರೂ ಬೆಂಗಳೂರಿನಿಂದ ನಾಗೇಶ್ ಎಂಬ ನಾಣ್ಯ ವ್ಯಾಪಾರಿ ಭಾನುವಾರ ಬರುವುದೆಂದು ನಿಗದಿಯಾಯಿತು. ಪ್ರದರ್ಶನಗಳಲ್ಲಿ ಕೋದಂಡಪ್ಪನನ್ನು ಕಂಡು ಬಲ್ಲವನು. ಆ ಹೊತ್ತಿಗೆ ಮಾವನನ್ನು ಕ್ಷೌರಕ್ಕೆ ಕರೆದುಕೊಂಡು ಹೋಗಬೇಕೆಂದು ಆಶಾರಾಣಿಗೆ ಹೇಳಿಟ್ಟರು.

ನಾಗೇಶ್ ಬಂದವನು ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ, ಭೂತಗನ್ನಡಿ, ಪುಟ್ಟ ತಕ್ಕಡಿ ತೆಗೆದಿಟ್ಟುಕೊಂಡು ಕೂತ. ವಿಜಯಕುಮಾರ್ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿಕೊಟ್ಟ. ವಿಜಯನಗರದ ಬಂಗಾರದ ವರಾಹ, ಹಣ ಎಂದು ಕರೆಯುವ, ಕಡಲೆಬೇಳೆಗಿಂತ ಚಿಕ್ಕದಾದ ಬಂಗಾರದ ನಾಣ್ಯಗಳು, ಗ್ರೀಕ್ ರಾಜ ಮೆನಾಂಡರನ ಬೆಳ್ಳಿ ನಾಣ್ಯ, ಮೈಸೂರಿನ ಆನೆಯ ತಾಮ್ರದ ಕಾಸುಗಳು. ಬಿಳಿ ಬಟ್ಟೆ ತುಂಬಿತು. ಕಪ್ಪು ಬಟ್ಟಲನ್ನು ನಾಗೇಶ್ ಎರಡೂ ಕೈಯಲ್ಲಿ ಎತ್ತಿ ನೋಡಿ ಇಳಿಸಿದ. ಮುನಿರತ್ನಮ್ಮ ಅಡುಗೆಮನೆಯಲ್ಲಿ ಹುರುಳಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

ಕ್ಷೌರದ ಅಂಗಡಿಯಲ್ಲಿ ಭಾನುವಾರದ ಗುಂಪು. ಕಾಯಲೊಲ್ಲದೆ ಎದ್ದುಬಂದ ಕೋದಂಡಪ್ಪ, ಹಿಂದೆ ಓಡಿಬರುತ್ತಿದ್ದ ಸೊಸೆಯ ಮಾತು ಕೇಳದೆ ನೇರವಾಗಿ ಒಳಗೆ ಕಾಲಿಟ್ಟ. ಚಾಪೆಯನ್ನು ನೋಡಿದ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟುಬಂದು, ಪಂಚೆ ಸರಿಪಡಿಸಿಕೊಂಡು, ಪರರ ಮನೆಗೆ ಬಂದವನಂತೆ ಅಂಚಿನಲ್ಲಿ ಕೂತ.

“ಸ್ವಾಮಿ, ನಾನೂ ನೋಡ್ಬೋದಾ?”

ನಾಗೇಶ್ ಒಮ್ಮೆ ವಿಜಯಕುಮಾರನ ಮುಖ ಕಂಡು, ತಕ್ಕಡಿಯನ್ನು ಪಕ್ಕಕ್ಕೆ ಸರಿಸಿ, ನೋಡಿ ಎಂದ. ಕೋದಂಡಪ್ಪ ಒಂದೊಂದನ್ನೂ ಅಂಚು ಹಿಡಿದು ಎತ್ತಿದ, ಕಣ್ಣಿನ ಹತ್ತಿರ ತಂದ, ಇಟ್ಟ. ಇಷ್ಟು ದಿನ ಒಂದು ಗಳಿಗೆ ನಿಲ್ಲದ ಮೈ ಅಲುಗದೆ ಕೂತಿತ್ತು.

“ಎಷ್ಟು ಜೋಪಾನವಾಗಿ ಇಕ್ಕಂಡವ್ರೆ,” ಎಂದ. “ಯಾರ್ದು ಸ್ವಾಮಿ?”

“ಒಬ್ಬರು ಹಿರಿಯರದು.”

“ಮಾರ್ತಾವ್ರಾ? ಇಂಥದ್ನ ಮಾರೋ ಅಂಥಾ ಕಷ್ಟ ಏನ್ ಬಂತೋ ಪಾಪ.”

ವಿಜಯಕುಮಾರ್ ಎದ್ದು ಬಾಗಿಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಕೋದಂಡಪ್ಪ ಅಡುಗೆಮನೆಗೆ ಬಂದ. ಚೌಕಟ್ಟಿಗೆ ಒರಗಿ, ಕತ್ತಿನ ಹಿಂದೆ ಕೆರೆದುಕೊಳ್ಳುತ್ತ, ಹೊರಗಿನವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದ.

“ರತ್ನಾ, ಸಿಟ್ಟು ಮಾಡ್ಕಬೇಡ. ಒಬ್ರು ಕಾಸು ತಂದವ್ರೆ. ಇಂಥವು ಇನ್ನೊಂದ್ಸಲ ಸಿಗಾಕಿಲ್ಲ. ಮನೇಲಿ ಏನಾದ್ರೂ ಐತಾ?”

ಇದೇ ಜಾಗದಲ್ಲಿ, ಇದೇ ದನಿಯಲ್ಲಿ ಅವನು ಈ ಮಾತು ಕೇಳುತ್ತ ಬಂದು ಒಂದು ಸಂಸಾರದ ಕಾಲವೇ ಕಳೆದಿತ್ತು. ಅವಳ ಉತ್ತರವೂ ಯಾವಾಗಲೂ ಒಂದೇ. ಅಕ್ಕಿ ಇಲ್ಲ ಅನ್ನುವಳು, ಮಗನ ಫೀಸು ಅನ್ನುವಳು, ಸೌಟು ಕುಕ್ಕುವಳು. ಅವನು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಬೇಡಿ, ಸುಳ್ಳು ಹೇಳಿ, ಮುನಿಸಿಕೊಂಡು, ಹೇಗೋ ತೆಗೆದುಕೊಂಡೇ ಹೋಗುವನು. ಇವತ್ತೂ ಅದಕ್ಕೆಲ್ಲ ತಯಾರಾಗಿ ನಿಂತಿದ್ದ. ತನ್ನನ್ನು ಕಳ್ಳಿ ಎಂದು ಬೀದಿಯಲ್ಲಿ ತೋರಿಸಿದವನಿಗೆ, ಕೇಳುವುದಕ್ಕೆ ಮಾತ್ರ ಇನ್ನೂ ತಾನೇ ಬೇಕು ಎಂದು ಮುನಿರತ್ನಮ್ಮನಿಗೆ ತಟ್ಟಿತು. ಒಲೆ ಸಣ್ಣದು ಮಾಡಿ ಸೆರಗಿಗೆ ಕೈ ಒರೆಸಿಕೊಂಡಳು.

“ಯಾವ್ದು ಬೇಕು?”

ಕೋದಂಡಪ್ಪ ಒರಗಿದ್ದವನು ನೆಟ್ಟಗೆ ನಿಂತ. “ಇಲ್ಲ ಅನ್ನಾಕಿಲ್ವಾ?” ಎಂದ.

“ಅನ್ನಾಕಿಲ್ಲ. ಓಗಿ ನೋಡ್ಕಂಡು ಬನ್ನಿ.”

ಹಿಟ್ಟು ಮಾರಿದ ದುಡ್ಡನ್ನು ಅವನ ಕೈಗೆ ಇಟ್ಟಳು. ಅವನು ಹೋಗಿ ಮೈಸೂರಿನ ಒಂದು ಆನೆ ಕಾಸು ಆರಿಸಿ, ನಾಗೇಶನ ಮುಂದೆ ನೋಟುಗಳನ್ನು ಇಟ್ಟ. ನಾಗೇಶ್ ಏನು ಮಾಡಬೇಕೆಂದು ತಿಳಿಯದೆ ಸುತ್ತ ನೋಡಿದ. ಮುನಿರತ್ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಗೊಳ್ಳಪ್ಪ, ನ್ಯಾಯವಾದ ಬೆಲೆ ಹಾಕಿ ಉಳಿದದ್ದು ಕೊಡು ಎಂದಳು. ಕೋದಂಡಪ್ಪ ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅಮ್ಮನಿಗೆ ತೋರಿಸಿದ. ಮತ್ತೆ ಅಡುಗೆಮನೆಗೆ ಬಂದ. ಮತ್ತೊಂದು. ಹೀಗೇ ದುಡ್ಡು ಮುಗಿಯುವವರೆಗೆ ಬಂದುಹೋದ. ಹಂದಿ ರೂಪಾಯಿ ಕೊಂಡ, ತೂತಿನ ಕಾಸು ಕೊಂಡ, ಸವೆದು ಏನೂ ಕಾಣದ ಒಂದು ತಾಮ್ರದ್ದನ್ನೂ ಕೊಂಡ. ಬಂಗಾರದ ಕಡೆ ಕಣ್ಣೆತ್ತಲಿಲ್ಲ. ಮೆನಾಂಡರನನ್ನು ತಿರುಗಿಸಿ ನೋಡಿ, ಇದು ನಮ್ಮಂಥೋರಿಗಲ್ಲ ಎಂದು ಇಟ್ಟುಬಿಟ್ಟ. ಬಟ್ಟಲನ್ನು ಕೇಳಲೇ ಇಲ್ಲ.

ನಾಣ್ಯದ ಮಾತು ನಡೆಯುವಲ್ಲಿಗೆ ಎಂದೂ ಬಾರದ ಮುನಿರತ್ನಮ್ಮ ಆಗ ಬಂದು ಚಾಪೆಯ ಪಕ್ಕ ನಿಂತಳು.

“ವಿಜಿ, ಅವ್ರು ಕೇಳ್ದೇ ಇದ್ದಿದ್ನ ಮಾರು. ಕೇಳಿದ್ದು ಮನೇಲಿರ್ಲಿ.”

“ಅವೆಲ್ಲಾ ನಾಳೆ ಟೀ ಅಂಗಡಿಗೆ ಓಗ್ತವೆ ಅಮ್ಮ.”

“ಓದ್ರೆ ನಾನ್ ಓಗಿ ತತ್ತೀನಿ. ನಿನ್ನ ಕಳ್ಸಾಕಿಲ್ಲ.”

ಕದಿರಮ್ಮ ಹೂಂ ಎಂದ ಹಾಗೆ ಒಂದು ಸಲ ತಲೆ ಆಡಿಸಿ ಎಲೆಗೆ ಸುಣ್ಣ ಹಚ್ಚಿಕೊಂಡಳು. ನಾಗೇಶ್ ಬಂಗಾರದವನ್ನೂ ಮೆನಾಂಡರನನ್ನೂ ಕಪ್ಪು ಬಟ್ಟಲನ್ನೂ ಚೂರುಗಳನ್ನೂ ಕಾಗದಪತ್ರ ಸಮೇತ ಒಯ್ದ. ಹಿಟ್ಟಿನ ದುಡ್ಡನ್ನು ಹೋಗುವಾಗ ಆಶಾರಾಣಿಯ ಕೈಗೆ ಕೊಟ್ಟುಹೋದ. ಮುಖ ಅಳಿಸಿದ ಕುಡಿಕೆಯನ್ನು ಅವನು ಬೇಡವೆಂದ. ಆಶಾರಾಣಿ ಅದನ್ನು ಮತ್ತೆ ಮಡಿಲಲ್ಲಿಟ್ಟುಕೊಂಡು ಕೂತಾಗ ಕದಿರಮ್ಮ, ಮುಖ ಹೋದರೆ ಹೋಯಿತು, ಕುಡಿಕೆ ಗಟ್ಟಿಯಾಗಿದೆಯಲ್ಲ, ನನಗೆ ಕೊಡು ಎಂದು ಇಸಿದುಕೊಂಡಳು.

ಬಂಗಾರಪೇಟೆಯ ಮನೆಗೆ ಹೋದ ಮೊದಲ ವಾರಗಳು ಕೆಟ್ಟದಾಗಿದ್ದವು. ಕೋದಂಡಪ್ಪ ಸಂಜೆಯಾದರೆ ಮನೆಗೆ ಹೋಗೋಣ ಎಂದು ಗೇಟು ಅಲುಗಾಡಿಸುವನು. ರೈಲು ಕೂಗಿದರೆ ಡ್ಯೂಟಿಗೆ ತಡವಾಯಿತೆಂದು ಅಂಗಿ ಹುಡುಕುವನು. ಬಚ್ಚಲು ಎಲ್ಲಿ ಎಂದು ದಿನಕ್ಕೆ ಹತ್ತು ಸಲ ತೋರಿಸಬೇಕು. ಮುನಿರತ್ನಮ್ಮನ ಹಿಟ್ಟಿಗೆ ಇಲ್ಲಿ ಗಿರಾಕಿ ಇನ್ನೂ ಹುಟ್ಟಿರಲಿಲ್ಲ. ಬೇಸತ್ತು ಒಂದು ಭಾನುವಾರ ಅವಳೇ ಹೊರಕೋಣೆಯಲ್ಲಿ ಚಾಪೆ ಹಾಸಿ, ಉಳಿದಿದ್ದ ನಾಣ್ಯಗಳನ್ನು ಹರಡಿ, ಕೊಳ್ತೀರಾ ಎಂದು ಕರೆದಳು. ಕೋದಂಡಪ್ಪ ನಕ್ಕುಬಿಟ್ಟ. ನಿನಗೆ ಇದರ ಬೆಲೆ ಏನು ಗೊತ್ತು, ಅಂಗಡಿಯವರನ್ನು ಕರಿ ಎಂದ.

ಅಂಗಡಿಯವನಾಗಲು ವಿಜಯಕುಮಾರ್ ಒಪ್ಪಲಿಲ್ಲ. ನಾಟಕ ಆಡಲು ತನ್ನಿಂದಾಗದು ಎಂದ. ಆಶಾರಾಣಿ ಅವನನ್ನು ಪಕ್ಕಕ್ಕೆ ಕರೆದು, ಅವತ್ತು ಕೊಂಡ ಮೇಲೆ ಮಾವ ಎರಡು ದಿನ ಹೊರಗೆ ಕಾಲಿಡಲಿಲ್ಲ, ಅತ್ತೆ ಮಲಗಿ ನಿದ್ದೆ ಮಾಡಿದರು, ನೆನಪಿದೆಯಾ ಎಂದು ಕೇಳಿದಳು. ಮುಂದಿನ ಭಾನುವಾರ ಅವನು ಶೋರೂಮಿನ ಅಂಗಿ ಹಾಕಿಕೊಂಡೇ ಚಾಪೆಯ ಮೇಲೆ ಕೂತ.

ಬೇರೆ ಹೊತ್ತು ವಿಜಿ ಎಂದು ಬಾಯಿ ತುಂಬ ಕರೆಯುತ್ತಿದ್ದ ತಂದೆ, ಚಾಪೆಯ ಮುಂದೆ ಕೂತಾಗ ಅವನನ್ನು ಗುರುತಿಸಲಿಲ್ಲ. ಬನ್ನಿ ಸ್ವಾಮಿ, ಯಾವೂರಿಂದ ಬಂದ್ರಿ ಎಂದು ಕೇಳಿದ. ಕಾಮಸಮುದ್ರದಿಂದ ಎಂದು ವಿಜಯಕುಮಾರ್ ಬಾಯಿಗೆ ಬಂದದ್ದು ಹೇಳಿದ. ಕೋದಂಡಪ್ಪ ಒಂದು ಸಣ್ಣ ಕಾಸು ಎತ್ತಿ, ಇದೆಷ್ಟು ಎಂದ. ವಿಜಯಕುಮಾರ್ ಏನೋ ಒಂದು ಬೆಲೆ ಅಂದ. ಜಾಸ್ತಿಯಾಯಿತು ಎಂದು ಕೋದಂಡಪ್ಪ ಕೆಳಗಿಟ್ಟ. ಅಡುಗೆಮನೆಯಿಂದ ಮುನಿರತ್ನಮ್ಮ, ಕಮ್ಮಿ ಮಾಡಿ ಕೊಡಪ್ಪ, ದಿನಾ ಕೊಳ್ಳೋರು ಎಂದು ಕೂಗಿದಳು. ಚೌಕಾಸಿ ನಡೆಯಿತು. ನಡುವೆ ವಿಜಯಕುಮಾರ್, ಈ ಕಾಸಿನಲ್ಲಿ ಆನೆಯ ಮೇಲೆ ಅದೇನು ಕೆತ್ತಿದ್ದಾರೆ ಎಂದು ಕೇಳಿದ. ಕೇಳಿದ್ದು ನಾಟಕಕ್ಕೋ ನಿಜವಾಗಿಯೋ, ಅವನ ಮುಖದಿಂದ ಗೊತ್ತಾಗುವ ಹಾಗಿರಲಿಲ್ಲ. ಕೋದಂಡಪ್ಪ ಚಾಪೆಯನ್ನು ಎಳೆದುಕೊಂಡು ಹತ್ತಿರ ಸರಿದು, ಅಂಗಡಿಯವನ ಬೆರಳನ್ನೇ ಹಿಡಿದು ನಾಣ್ಯದ ಮೇಲೆ ಆಡಿಸುತ್ತ ಸೂರ್ಯ ಇಲ್ಲಿ, ಚಂದ್ರ ಇಲ್ಲಿ ಎಂದು ತೋರಿಸಿದ.

“ನಂಗೂ ಒಬ್ಬ ಮಗ ಅವ್ನೆ ಸ್ವಾಮಿ,” ಎಂದ. “ಬೈಕ್ ರಿಪೇರಿ ಮಾಡ್ತಾನೆ. ಕೈ ಬಲು ಚುರುಕು. ಮುಂದಿನ ವಾರ ಕರ್ಕಂಡು ಬತ್ತೀನಿ, ಅವ್ನಿಗೂ ಇದ್ನೆಲ್ಲಾ ತೋರ್ಸಿ. ಸ್ವಲ್ಪ ಕೋಪಿಷ್ಠ. ನೀವು ಬೇಜಾರ್ ಮಾಡ್ಕಬಾರ್ದು.”

ವಿಜಯಕುಮಾರ್ ತಲೆ ಬಗ್ಗಿಸಿ ನಾಣ್ಯಗಳನ್ನು ಸಾಲಾಗಿ ಜೋಡಿಸಿದ. ಜೋಡಿಸಿದ್ದನ್ನು ಕೆಡಿಸಿ ಮತ್ತೆ ಜೋಡಿಸಿದ.

“ಕರ್ಕಂಡು ಬನ್ನಿ,” ಎಂದ. “ನಾನಿರ್ತೀನಿ.”

ಮುನಿರತ್ನಮ್ಮ ಊಟಕ್ಕೆ ಕರೆದಳು. ಕೋದಂಡಪ್ಪ ಕೊಂಡ ಕಾಸನ್ನು ಜೇಬಿಗೆ ಹಾಕಿಕೊಂಡು ಎದ್ದವನು, ಬಾಗಿಲಲ್ಲಿ ನಿಂತು ಹೆಂಡತಿಗೆ ಮೆಲ್ಲಗೆ ಹೇಳಿದ:

“ಅಂಗಡಿಯೋರ್ಗೂ ಒಂದು ತಟ್ಟೆ ಆಕು. ಬಿಸ್ಲಲ್ಲಿ ಬಂದವ್ರೆ, ಉಂಡ್ಕಂಡು ಓಗ್ಲಿ.”

ಅವಳು ಎರಡು ತಟ್ಟೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಮುದ್ದೆ ಹಾಕಿ, ಸಾರು ಬಿಟ್ಟಳು. ವಿಜಯಕುಮಾರ್ ಅಪ್ಪನ ಪಕ್ಕ ಕೂತ. ಕೋದಂಡಪ್ಪ ಎರಡು ತುತ್ತು ಉಂಡು, ಪಕ್ಕದ ತಟ್ಟೆಯನ್ನು ಬಗ್ಗಿ ನೋಡಿ, ಇವರಿಗೆ ಸಾರು ಕಮ್ಮಿಯಾಗಿದೆ, ಇನ್ನೊಂದು ಸೌಟು ಬಡಿಸು ಎಂದ.